ನೊವಿಗೆ ಕೊಟ್ಟ ದೀರ್ಘ

ಅಚ್ಚುಕೂಟದಲ್ಲಿ ಅವನಿಗೆ ಅರ್ಕಾವೊತ್ತು ಎಂದೇ ಹೆಸರು. ಮೂವತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಕರಡು ತಿದ್ದಿದ ಮನುಷ್ಯ. ಒಮ್ಮೆ ಒಬ್ಬ ದೊಡ್ಡ ವಿದ್ವಾಂಸರು ತಮ್ಮ ಪುಸ್ತಕದಲ್ಲಿ ಒಂದು ಅರ್ಕಾವೊತ್ತು ಬಿಟ್ಟರೆಂದು ನೇರ ಅವರ ಮನೆಗೇ ಹೋಗಿ, ಊಟಕ್ಕೆ ಕೂತವರನ್ನು ಎಬ್ಬಿಸಿ, ಒಪ್ಪಿಗೆ ಪಡೆದು ಬಂದಿದ್ದ. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ಅವನಿಗೂ ಒಳಗೊಳಗೆ ಅದೊಂದು ಬಿರುದೇ ಆಗಿತ್ತು. ಹೆಂಡತಿ ಮಾತ್ರ ಅದಕ್ಕೆ ಬೇರೆ ಅರ್ಥ ಹೇಳುತ್ತಿದ್ದಳು.

"ಆ ಗುರುತು ನಿಮ್ಮ ಹಾಗೇ ಕಣ್ರೀ. ಬಾಯಲ್ಲಿ ಮೊದಲು ಬರುತ್ತೆ, ಹಾಳೆ ಮೇಲೆ ಕೊನೇಲಿ ಬಂದು ನಿಲ್ಲುತ್ತೆ. ನಿಮಗೂ ಅಷ್ಟೇ, ಎಲ್ಲ ಮುಗಿದ ಮೇಲೆ ಗೊತ್ತಾಗೋದು."

ಅವಳು ತೀರಿಕೊಂಡು ಐದು ತಿಂಗಳಾಗಿತ್ತು.

ಎರಡು ವರ್ಷದ ಹಿಂದೆ ಅವಳಿಗೆ ನಿದ್ದೆ ಬಾರದ ಕಾಟ ಶುರುವಾದಾಗ ಯಾರೋ ಯೋಗ ಚಿಕಿತ್ಸೆಯ ತರಗತಿಯ ವಿಳಾಸ ಕೊಟ್ಟಿದ್ದರು. ಟೈರು ಅಂಗಡಿಯ ಮೇಲಿನ ಮಹಡಿ, ಇಪ್ಪತ್ತೆರಡು ಮೆಟ್ಟಿಲು. ಅಲ್ಲಿ ಕಲಿಸುವ ಮೇಡಂಗೆ ನಲವತ್ತೈದರ ಆಸುಪಾಸು. ಸಣ್ಣ ದನಿ, ಮೆಲ್ಲಗಿನ ನಡೆ. ಅವರು ಮೈ ಮುರಿಯುವ ಆಸನಗಳನ್ನು ಕಲಿಸಲಿಲ್ಲ. ಗೋಡೆಗೆ ಕಾಲು ಚಾಚಿ ಮಲಗುವುದು, ಕುರ್ಚಿಯ ಮೇಲೆ ಕೂತು ತೋಳೆತ್ತುವುದು, ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ. ಅಷ್ಟೇ.

"ನೀವೂ ಬನ್ನಿ ಅಂದ್ರೆ," ಎಂದು ಅವಳು ಕರೆದಿದ್ದಳು.

"ಉಸಿರಾಡೋದು ಕಲಿಯೋಕೆ ಕ್ಲಾಸು ಬೇರೆ ಕೇಡು! ಹುಟ್ಟಿದಾಗಿಂದ ಆಡ್ತಿದೀನಿ, ಒಂದು ತಪ್ಪೂ ಮಾಡಿಲ್ಲ," ಎಂದಿದ್ದ.

ಒಂದು ತಿಂಗಳಲ್ಲಿ ಅವಳಿಗೆ ನಿದ್ದೆ ಬಂತು. ಇಲ್ಲವೆನ್ನುವ ಹಾಗಿಲ್ಲ. ಮುಖಕ್ಕೆ ಒಂದು ಬಗೆಯ ತಿಳಿಯೂ ಬಂತು. ಮೇಡಂ ಹೇಳಿದ್ದ ಇನ್ನೊಂದು ಪಾಠವನ್ನು ಅವಳು ಮನೆಗೂ ತಂದಳು: ದಿನದ ಕೆಲಸವೇ ಧ್ಯಾನ. ಗುಡಿಸುವಾಗ ಗುಡಿಸುವುದನ್ನೇ ಗಮನಿಸಬೇಕು, ಮೆಟ್ಟಿಲು ಹತ್ತುವಾಗ ಪಾದವನ್ನು. ಪಾತ್ರೆ ತೊಳೆಯುವಾಗ ಪಾತ್ರೆಯನ್ನೇ ತೊಳೆಯಬೇಕು.

"ಹಾಗಾದ್ರೆ ಇಷ್ಟು ವರ್ಷ ಪಾತ್ರೆ ತೊಳೀವಾಗ ಏನು ತೊಳೀತಿದ್ದೆ?"

"ನಿಮ್ಮನ್ನ," ಎಂದಳು ಅವಳು, ತಟ್ಟೆ ಉಜ್ಜುತ್ತ. "ಒಳ್ಳೇ ಬೂದಿ ಹಾಕಿ, ನಾರು ಹಾಕಿ. ಆದ್ರೂ ಜಿಡ್ಡು ಹೋಗ್ಲಿಲ್ಲ."

ತರಗತಿಗೆ ಬರುವ ಪ್ರತಿಯೊಬ್ಬರೂ ಒಂದು ನೋಟುಪುಸ್ತಕ ಇಡಬೇಕಿತ್ತು. ದಿನಕ್ಕೆ ಒಂದೆರಡು ಸಾಲು: ಯಾವ ಕೆಲಸ ಮಾಡುವಾಗ ಮೈಯಲ್ಲಿ ಏನು ಕಂಡಿತು ಎಂದು ಬರೆದು, ಅದಕ್ಕೆ ಒಳ್ಳೆಯದು ಕೆಟ್ಟದ್ದು ಎಂದು ಹೆಸರಿಡದೆ, ಕೆಳಗೆ ‘ಗಮನಿಸಿದೆ, ಬಿಟ್ಟೆ’ ಎಂದು ಮುಗಿಸಬೇಕು. ವಾರಕ್ಕೊಮ್ಮೆ ಮೇಡಂ ಅದನ್ನು ನೋಡಿ ಹಸಿರು ಶಾಯಿಯಲ್ಲಿ ಗುರುತು ಹಾಕಿ ಕೊಡುತ್ತಿದ್ದರು.

ಅವಳು ಓದಿದ್ದು ಐದನೆಯ ತರಗತಿ. ಬರವಣಿಗೆಯಲ್ಲಿ ದೀರ್ಘಗಳೆಲ್ಲ ಬಿಟ್ಟುಹೋಗುತ್ತಿದ್ದವು. ಅಷ್ಟು ಜನರ ನಡುವೆ ತನ್ನ ಪುಸ್ತಕ ತಪ್ಪುತಪ್ಪಾಗಿ ಕಾಣುತ್ತದಲ್ಲ ಎಂದು ಅವಳಿಗೆ ನಾಚಿಕೆ. ಹಾಗಾಗಿ ಪ್ರತಿ ಶನಿವಾರ ಸಂಜೆ ಕಾಫಿಯ ಜೊತೆಗೆ ಪುಸ್ತಕವನ್ನೂ ಅವನ ಮುಂದೆ ಇಡುತ್ತಿದ್ದಳು.

"ದೀರ್ಘ ಕೊಡೋದೇ ಮರೀತೀಯಲ್ಲೇ. ನ ಒತ್ವ ನೊ, ದೀರ್ಘ ಕೊಟ್ರೆ ನೋ. ಇಷ್ಟಕ್ಕೂ ಬಡತನವಾ ನಿಂಗೆ?"

"ನೀವೇ ಕೊಡಿ. ನಿಮ್ಮ ಹತ್ರ ಬೇಕಾದಷ್ಟಿದೆ."

ಅವನು ಕೊಡುತ್ತಿದ್ದ, ಕೆಂಪು ಶಾಯಿಯಲ್ಲಿ. ಅವನು ಓದುತ್ತಿದ್ದ ರೀತಿಯೊಂದನ್ನು ಇಲ್ಲಿ ಹೇಳಲೇಬೇಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅಚ್ಚುಕೂಟದ ಹಳೆಯ ಯಜಮಾನರು ಅವನಿಗೊಂದು ಉಪಾಯ ಹೇಳಿಕೊಟ್ಟಿದ್ದರು: "ಕರಡನ್ನ ಮೊದಲಿಂದ ಓದಬೇಡ. ಮೊದಲಿಂದ ಓದಿದ್ರೆ ಕತೆ ನಿನ್ನ ಕೈಹಿಡಿದು ಎಳ್ಕೊಂಡು ಹೋಗುತ್ತೆ, ತಪ್ಪು ಹಿಂದೆ ಉಳಿಯುತ್ತೆ. ಕೊನೇ ಪದದಿಂದ ಹಿಂದಕ್ಕೆ ಬಾ. ಒಂದೊಂದೇ ಪದ. ಅರ್ಥಕ್ಕೆ ಸೋತವನು ಅಕ್ಷರ ಕಳ್ಕೊಂಡ." ಆ ಮಾತನ್ನು ಅವನು ಮಂತ್ರದ ಹಾಗೆ ಹಿಡಿದ. ಪುಟದ ತುದಿಯಿಂದ ಹಿಮ್ಮುಖವಾಗಿ, ಬೇಲಿಯ ಗೂಟಗಳನ್ನು ಎಣಿಸುವವನಂತೆ, ಪದದಿಂದ ಪದಕ್ಕೆ ಬರುತ್ತಿದ್ದ. ಬೇಲಿಯೊಳಗೆ ಏನು ಬೆಳೆದಿದೆ ಎಂದು ನೋಡುವುದು ಅವನ ಕೆಲಸವಾಗಿರಲಿಲ್ಲ. ಹೆಂಡತಿಯ ಪುಸ್ತಕವನ್ನೂ ಅವನು ಹಾಗೆಯೇ ನೋಡಿದ.

ಅವಳು ಹೋದದ್ದು ಒಂದು ಬೆಳಿಗ್ಗೆ, ಪಾತ್ರೆ ತೊಳೆಯುವಾಗ. ಅವನು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ. ನಲ್ಲಿಯ ನೀರು ಒಂದೇ ಸಮನೆ ಬೀಳುವುದು ಕೇಳುತ್ತಿತ್ತು. ‘ಗಮನದಲ್ಲಿದ್ದಾಳೆ, ಮಾತಾಡಿಸಬಾರದು’ ಎಂದುಕೊಂಡ. ಕಾಲು ಗಂಟೆ ಹಾಗೇ ಕೂತಿದ್ದ. ನೀರು ಬಾಗಿಲ ಕೆಳಗಿನಿಂದ ಹರಿದು ಅವನ ಪಾದಕ್ಕೆ ತಾಗಿದ ಮೇಲೆ ಎದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಹೃದಯ. ಇದು ಒಂದೇ ದಿನಕ್ಕೆ ಬಂದಿದ್ದಲ್ಲ. ಎದೆನೋವು ಅಂತ ಹೇಳ್ತಿರಲಿಲ್ವಾ?"

"ಇಲ್ಲ ಡಾಕ್ಟ್ರೇ. ಉಸಿರೆತ್ತಲಿಲ್ಲ," ಎಂದ ಅವನು. ಮಗಳು ಪಕ್ಕದಲ್ಲೇ ನಿಂತಿದ್ದಳು.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಒಬ್ಬಳೇ ಮಗಳು, ಬಾಯಿ ತಾಯಿಯದು, ಹಟ ಅಪ್ಪನದು. ಅವಳ ದುಃಖಕ್ಕೆ ಒಂದು ಗುರಿ ಬೇಕಿತ್ತು. ಸಿಕ್ಕಿದ್ದು ಯೋಗದ ಮೇಡಂ.

"ನೋವನ್ನ ಬಿಟ್ಟುಬಿಡಿ ಅಂತ ಕಲಿಸಿದವಳು ಅವಳು. ಅಮ್ಮ ಎಂಥಾ ವಿದ್ಯಾರ್ಥಿ ನಿಮಗೆ ಗೊತ್ತಲ್ಲ, ಟೀಚರು ಹೇಳಿದ್ದು ವೇದವಾಕ್ಯ. ಬಿಟ್ಟಳು. ಪ್ರಾಣಾನೇ ಬಿಟ್ಟಳು."

ಅವನು ತಲೆಯಾಡಿಸುತ್ತಿದ್ದ. ತಲೆಯಾಡಿಸುವುದರಲ್ಲಿ ಒಂದು ಸಮಾಧಾನವಿತ್ತು. ದೇವರ ಮುಂದೆ ಕೂತಾಗಲೂ, ಸ್ವಾಮೀ, ಅವಳನ್ನು ಕರೆದುಕೊಂಡೆ, ಸರಿ, ಆದರೆ ಆ ಹೆಂಗಸನ್ನು ಒಂದು ಮಾತು ನೀನೇ ಕೇಳು ಎಂದು ಬೇಡುತ್ತಿದ್ದ.

ಐದನೆಯ ತಿಂಗಳಲ್ಲಿ ಮೇಡಂ ಮನೆಗೆ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಕುರ್ಚಿಯ ತುದಿಯಲ್ಲಿ ಕೂತು ಬಂದ ವಿಷಯ ಹೇಳಿದರು. ತರಗತಿ ಶುರುವಾಗಿ ಹತ್ತು ವರ್ಷವಾಗುತ್ತಿದೆ. ಮುಂದಿನ ಭಾನುವಾರ ಒಂದು ಚಿಕ್ಕ ಸಮಾರಂಭ. ಎಲ್ಲರಿಗೂ ಕೊಡಲು ಒಂದು ಪುಸ್ತಕ ಮಾಡಿಸುತ್ತಿದ್ದಾರೆ. ಅವಳ ನೋಟುಪುಸ್ತಕದಲ್ಲಿದ್ದುದನ್ನೇ, ಇದ್ದ ಹಾಗೆ, ತರಗತಿಯವರೇ ಹಂಚಿಕೊಂಡು ಟೈಪು ಮಾಡಿದ್ದಾರೆ. ‘ಒಬ್ಬ ಗೃಹಿಣಿಯ ಗಮನ’ ಎಂದು ಹೆಸರು.

"ಕರಡು ನೀವೇ ನೋಡಬೇಕು ಸಾರ್. ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ಅವರ ನೋಟುಪುಸ್ತಕ ನನ್ನ ಹತ್ರಾನೇ ಉಳಿದಿತ್ತು, ಅದನ್ನೂ ತಂದಿದೀನಿ, ತಾಳೆ ನೋಡೋದಕ್ಕೆ."

ಅವನು ತಕ್ಷಣ ಒಪ್ಪಿಕೊಂಡ. ಅದು ದೊಡ್ಡ ಮನಸ್ಸೆಂದು ಮೇಡಂ ಕೈಮುಗಿದು ಹೋದರು. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಅವನು ಮಗಳಿಗೆ ಫೋನು ಮಾಡಿದ್ದ.

"ಬಂತಾ ಕೈಗೆ?" ಮಗಳ ದನಿ ಚುರುಕಾಯಿತು. "ಅಪ್ಪ, ಸರಿಯಾಗಿ ನೋಡಿ. ಎದೆನೋವು ಅಂತ ಅಮ್ಮ ಒಂದೇ ಒಂದು ಸಲ ಬರೆದಿದ್ರೂ ಸಾಕು, ಅದರ ಕೆಳಗೆ ಅವಳ ಹಸಿರು ಗುರುತು ಇರುತ್ತಲ್ಲ? ಓದಿ ಸುಮ್ನಿದ್ದಾಳೆ ಅಂತಾಯ್ತು. ಭಾನುವಾರ ಎಲ್ಲರ ಎದುರಿಗೆ ನಿಲ್ಲಿಸಿ ಕೇಳ್ತೀನಿ. ನಿಮ್ಮ ಕಣ್ಣಿಗೆ ಬೀಳದೆ ಇರೋ ಅಕ್ಷರ ಇದ್ಯಾ?"

"ನೋಡ್ತೀನಮ್ಮ," ಎಂದ. ಶನಿವಾರದ ಕಾಫಿಯ ವಿಷಯ ಮಗಳಿಗೆ ಗೊತ್ತಿರಲಿಲ್ಲ. ಅದು ಗಂಡಹೆಂಡಿರ ನಡುವಿನ ಮಾತು. ಅವನೂ ಆಗ ಅದನ್ನು ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡ.

ಊಟ ಮುಗಿಸಿ, ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು, ಎಡಕ್ಕೆ ನೋಟುಪುಸ್ತಕ, ಬಲಕ್ಕೆ ಕರಡು ಇಟ್ಟುಕೊಂಡು ಕೂತ. ಅಭ್ಯಾಸದಂತೆ ಕೊನೆಯ ಪುಟ ತೆಗೆದ. ಕೊನೆಯ ಪದ ‘ಬಿಟ್ಟೆ’. ಅಲ್ಲಿಗೇ ಕಣ್ಣು ನಿಂತಿತು. ಹಿಂದಕ್ಕೆ ಹೋಗಲಾಗಲಿಲ್ಲ. ಅವಳ ದನಿ ಕೇಳಬೇಕೆನಿಸಿತು. ಹಿಂದುಮುಂದಾಗಿ ಅಲ್ಲ, ಅವಳು ಆಡಿದ ಹಾಗೆ. ಮೊದಲ ಪುಟಕ್ಕೆ ಹೋದ. ಜೀವನದಲ್ಲಿ ಮೊದಲ ಸಲ ಒಂದು ಕರಡನ್ನು ಎಲ್ಲರೂ ಓದುವ ಹಾಗೆ ಓದತೊಡಗಿದ.

‘ನೀರು ತಣ್ಣಗಿತ್ತು. ಬೆರಳ ಸಂದಿಯಲ್ಲಿ ಸೋಪು ಜಾರಿತು. ಗಮನಿಸಿದೆ, ಬಿಟ್ಟೆ.’

‘ಅವರು ಕಾಫಿಗೆ ಸಕ್ಕರೆ ಕಡಿಮೆ ಅಂದರು. ಕಿವಿ ಬಿಸಿಯಾಯಿತು. ಗಮನಿಸಿದೆ. ಬಿಡೋಕೆ ಮಧ್ಯಾಹ್ನ ಆಯಿತು.’

ನಕ್ಕ. ಐದು ತಿಂಗಳಲ್ಲಿ ಮೊದಲ ಸಲ ಮನೆಯಲ್ಲಿ ಒಂದು ನಗು ಕೇಳಿಸಿತು. ಪುಟ ತಿರುಗಿಸುತ್ತ ಹೋದ. ಇಷ್ಟು ಮಾತು ಇವಳಲ್ಲಿತ್ತೇ ಎನಿಸಿತು. ಒಣಗಲು ಹಾಕಿದ ಬಟ್ಟೆಯ ವಾಸನೆ, ಸೂಜಿಗೆ ದಾರ ಪೋಣಿಸುವಾಗ ನಿಲ್ಲುವ ಉಸಿರು, ಅವನ ಕೆಮ್ಮಿಗೆ ಪಕ್ಕದ ಕೋಣೆಯಲ್ಲಿ ಅವಳ ಹೊಟ್ಟೆ ಹಿಡಿದುಕೊಳ್ಳುವುದು, ಎಲ್ಲವೂ ಅಲ್ಲಿತ್ತು.

ಮೂವತ್ತೊಂದನೆಯ ಪುಟಕ್ಕೆ ಬಂದ.

‘ಕ್ಲಾಸಿಗೆ ಹೋಗುವಾಗ ಹದಿನೆಂಟನೆ ಮೆಟ್ಟಿಲಲ್ಲಿ ನಿಂತೆ. ಎದೆಯಲ್ಲಿ ನೋವು. ಗಮನಿಸಿದೆ, ಬಿಟ್ಟೆ.’

ಮೈಯ ರಕ್ತವೆಲ್ಲ ಕಿವಿಗೆ ಬಂತು. ಸಿಕ್ಕಿತು! ಮಗಳ ಮಾತು ನಿಜ. ಕನ್ನಡಕ ಸರಿಮಾಡಿಕೊಂಡು, ಹಸಿರು ಗುರುತಿಗಾಗಿ ನೋಟುಪುಸ್ತಕದಲ್ಲಿ ಅದೇ ದಿನವನ್ನು ಹುಡುಕಿದ. ಗುರುತು ಇತ್ತು. ಪುಟದ ಅಡಿಯಲ್ಲಿ ದುಂಡಗೆ, ‘ಚೆನ್ನಾಗಿ ಗಮನಿಸಿದ್ದೀರಿ’ ಎಂದು. ಅದರ ಮೇಲೆ ಅವಳ ನೀಲಿ ಅಕ್ಷರ: ‘ಎದೆಯಲ್ಲಿ ನೊವು’. ಆ ನೊಕಾರದ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ, ಮೂವತ್ತಾರು ವರ್ಷದ ಪಳಗಿದ ಕೈ ಎಳೆದ ಒಂದು ದೀರ್ಘ.

ಮುಂದಿನ ಪುಟಗಳನ್ನು ಅವನು ಕೈಬೆರಳು ಇಟ್ಟು ಓದಿದ, ಮಕ್ಕಳು ಓದುವಂತೆ. ಹದಿನೈದನೆ ಮೆಟ್ಟಿಲಲ್ಲಿ ನೊವು. ದೀರ್ಘ ಕೊಟ್ಟಿದೆ. ಹನ್ನೆರಡನೆ ಮೆಟ್ಟಿಲಲ್ಲಿ ನೊವು, ಎಡತೋಳು ಭಾರ. ದೀರ್ಘ ಕೊಟ್ಟಿದೆ, ಭಾರದ ಭಕಾರಕ್ಕೆ ಬಿಟ್ಟುಹೋಗಿದ್ದ ಹೊಟ್ಟೆಯ ಸೀಳನ್ನೂ ಕೊಟ್ಟಿದೆ. ಏಳನೆ ಮೆಟ್ಟಿಲು. ಐದನೆ ಮೆಟ್ಟಿಲು. ವಾರದಿಂದ ವಾರಕ್ಕೆ ಅವಳು ಮೆಟ್ಟಿಲಿಳಿದು ಬರುತ್ತಿದ್ದಳು, ಅವನು ಬಾಗಿಲಲ್ಲಿ ಕೂತು ದೀರ್ಘ ಹಂಚುತ್ತಿದ್ದ. ಹದಿಮೂರು ಸಲ ನೊವು, ಹದಿಮೂರು ದೀರ್ಘ.

ಹದಿನಾಲ್ಕನೆಯದಕ್ಕೆ ಕೆಂಪು ಗುರುತಿರಲಿಲ್ಲ. ‘ಮೊದಲನೇ ಮೆಟ್ಟಿಲಲ್ಲೇ ಎದೆಯಲ್ಲಿ ನೋವು. ಗಮನಿಸಿದೆ, ಬಿಟ್ಟೆ.’ ಅವಳೇ ಸರಿಯಾಗಿ ಬರೆದಿದ್ದಳು. ಆ ಶನಿವಾರ ಅವನಿಗೆ ಚೆನ್ನಾಗಿ ನೆನಪಿತ್ತು. ಪುಸ್ತಕ ಮುಚ್ಚಿ, "ಅಂತೂ ಕಲಿತೆ ಕಣೇ! ಈ ವಾರ ಒಂದೂ ತಪ್ಪಿಲ್ಲ," ಎಂದು ಹೇಳಿದ್ದ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಮೇಷ್ಟ್ರು ಒಳ್ಳೆಯವರು," ಎಂದಿದ್ದಳು. ಮಂಗಳವಾರ ನಲ್ಲಿಯ ನೀರು ಹರಿದು ಬಂತು.

ಉಸಿರೆತ್ತಲಿಲ್ಲ ಎಂದು ಡಾಕ್ಟರಿಗೆ ಹೇಳಿದ್ದ. ಎತ್ತಿದ್ದಳು. ಹದಿನಾಲ್ಕು ಸಲ ಎತ್ತಿದ್ದಳು, ಅವನ ಕಾಫಿಯ ಪಕ್ಕದಲ್ಲೇ ತಂದು ಇಟ್ಟಿದ್ದಳು.

ಅಂದು ಸಂಜೆ ದೇವರ ಮುಂದೆ ಕೂತವನಿಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಅರುವತ್ತು ವರ್ಷದಿಂದ ಹೇಳುತ್ತಿದ್ದ ಅದೇ ಶ್ಲೋಕ. ಒಂದು ಅಕ್ಷರ ತಪ್ಪಿದ್ದಿಲ್ಲ, ಒಂದು ದೀರ್ಘ ಜಾರಿದ್ದಿಲ್ಲ. ಒಂದು ಸಲವಾದರೂ ಅದರಲ್ಲಿ ಏನಿದೆ ಎಂದು ಕೇಳಿಸಿಕೊಂಡಿದ್ದೆನೇ ಎಂದು ಯೋಚಿಸಿದ. ದೇವರು ಮನುಷ್ಯನಿಗೆ ಕಣ್ಣು ಎರಡು ಕೊಟ್ಟದ್ದು ಒಂದರಿಂದ ಅಕ್ಷರ ನೋಡಲಿ, ಇನ್ನೊಂದರಿಂದ ಅರ್ಥ ನೋಡಲಿ ಎಂದಿರಬೇಕು. ಅವನು ಒಂದನ್ನು ಮುಚ್ಚಿಕೊಂಡೇ ಸಂಬಳ ತೆಗೆದುಕೊಂಡಿದ್ದ.

ಮರುದಿನ ಬೆಳಿಗ್ಗೆ ತರಗತಿಗೆ ಹೋದ. ಟೈರು ಅಂಗಡಿಯ ರಬ್ಬರಿನ ವಾಸನೆಯ ನಡುವೆ ಇಪ್ಪತ್ತೆರಡು ಮೆಟ್ಟಿಲನ್ನೂ ಎಣಿಸಿ ಹತ್ತಿದ. ಹದಿನೆಂಟರಲ್ಲಿ ನಿಂತ. ಅವನ ಎದೆಯಲ್ಲಿ ಏನೂ ಆಗಲಿಲ್ಲ. ಗಟ್ಟಿಮುಟ್ಟಾಗಿತ್ತು, ಹಾಳಾದ್ದು.

ಮೇಡಂ ಚಾಪೆ ಸುತ್ತುತ್ತಿದ್ದರು. ಅವನು ಆ ಪುಟ ತೆಗೆದು ಅವರ ಮುಂದೆ ಹಿಡಿದ. ಅವರು ಓದಿದರು. ಅವರ ಕೈಯಿಂದ ಚಾಪೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

"ಕೇಳೋಕೆ ಬಂದಿದೀರಾ ಸಾರ್? ಕೇಳಿ. ಅವರು ಹೋದಾಗಿಂದ ನಾನೂ ಸರಿಯಾಗಿ ನಿದ್ದೆ ಮಾಡಿಲ್ಲ."

"ನೀವು ಓದಿದ್ರಾ ಇದನ್ನ, ಆಗ?"

"ಓದಿದ್ದೆ." ಅವರು ಅವನ ಮುಖ ನೋಡಿದರು. "ಒಂದು ಸಲ ಅವರನ್ನೇ ಕೇಳ್ದೆ, ಮನೇಲಿ ಹೇಳಿದ್ರಾ ಅಂತ. ‘ನಮ್ಮೋರು ನೋಡ್ತಾರೆ ಮೇಡಂ, ವಾರವಾರ ನೋಡ್ತಾರೆ’ ಅಂದ್ರು. ಈ ಕೆಂಪು ಶಾಯಿ ನೋಡಿದ್ದೆನಲ್ಲ ಸಾರ್. ಅಕ್ಷರ ಅಕ್ಷರ ಬಿಡದೆ ಓದ್ತಿದ್ದಾರೆ, ಡಾಕ್ಟರಿಗೆ ತೋರಿಸೇ ಇರ್ತಾರೆ ಅಂತ ತಿಳ್ಕೊಂಡೆ. ನಾನು ಇನ್ನೊಂದು ಸಲ ಕೇಳಬೇಕಿತ್ತು. ಯಾವುದನ್ನ ಬಿಡಬೇಕು, ಯಾವುದನ್ನ ಬಿಡಬಾರದು ಅಂತ ನಾನು ಕಲಿಸಲೇ ಇಲ್ಲ. ಅದು ನನ್ನ ತಪ್ಪು. ಆದ್ರೆ ಸಾರ್..." ಎಂದು ನಿಲ್ಲಿಸಿದರು.

"ಹೇಳಿ."

"ನೀವು ಓದಿ ಸುಮ್ನಿದ್ರಲ್ಲ, ಅದರಿಂದ ಅವರಿಗೂ ಧೈರ್ಯ ಬಂದಿರ್ಬೇಕು. ಏನೂ ಇರಲಾರದು, ಇದ್ದಿದ್ರೆ ನಮ್ಮೋರು ಹೇಳ್ತಿದ್ರು ಅಂತ."

ಅದೊಂದನ್ನು ಅವನು ಯೋಚಿಸಿರಲಿಲ್ಲ. ಕಿಟಕಿಯ ಕೆಳಗೆ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು. ಉಸ್ಸೆಂದು ತುಂಬಿ ತುಂಬಿ ನಿಂತಿತು.

"ಪುಸ್ತಕ ಬೇಡ ಬಿಡಿ ಸಾರ್," ಎಂದರು ಮೇಡಂ. "ಇದನ್ನ ನಾನು ಹಂಚಲಾರೆ. ಟೈಪು ಮಾಡಿದವರೂ ಓದಿಲ್ಲ, ನಾನೂ ಮತ್ತೆ ಓದಿಲ್ಲ. ಬಿಟ್ಟುಬಿಡೋಣ."

"ಬಿಟ್ಟಿದ್ದು ಸಾಕಮ್ಮ. ಅಚ್ಚಾಗ್ಲಿ. ಕೊನೇಲಿ ತಪ್ಪು-ಒಪ್ಪು ಅಂತ ಒಂದು ಹಾಳೆ ಸೇರಿಸಿ. ನಾನು ಬರ್ದು ಕೊಡ್ತೀನಿ."

ಪುಸ್ತಕಗಳ ಕೊನೆಯಲ್ಲಿ ಹಿಂದೆ ಅಂಥ ಹಾಳೆ ಇರುತ್ತಿತ್ತು. ಅಚ್ಚಾದ ಮೇಲೆ ಕಂಡ ತಪ್ಪುಗಳನ್ನು ಒಂದು ಕಡೆ, ಸರಿಯಾದುದನ್ನು ಇನ್ನೊಂದು ಕಡೆ ಬರೆದು ಓದುಗರ ಕ್ಷಮೆ ಬೇಡುವ ಹಾಳೆ. ತನ್ನ ಕೈಯಿಂದ ಹೋದ ಪುಸ್ತಕಕ್ಕೆ ಅಂಥದ್ದು ಬೇಕಾಗಿಲ್ಲವೆಂಬುದು ಅವನ ಆಯುಷ್ಯದ ಹೆಗ್ಗಳಿಕೆ. ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ಬರೆದ. ಮುಗಿಸಿ, ಮೇಡಂಗೆ ಕೊಡುವ ಮೊದಲು ಮಗಳಿಗೆ ತೋರಿಸಬೇಕೆಂದು ಜೇಬಿನಲ್ಲಿ ಇಟ್ಟುಕೊಂಡ. ಬಾಯಲ್ಲಿ ಹೇಳುವ ಶಕ್ತಿ ಅವನಿಗಿರಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಖಾಲಿ ಚೌಕಟ್ಟುಗಳು, ನೂರಾರು ಕಣ್ಣಿಲ್ಲದ ಕಣ್ಣುಗಳು. ಮಗಳು ಬಿಳಿ ಕೋಟು ಹಾಕಿಕೊಂಡು ಗಾಜು ಒರೆಸುತ್ತಿದ್ದಳು. ಇಬ್ಬರು ಗಿರಾಕಿಗಳು ಬೆಂಚಿನ ಮೇಲೆ ಕಾಯುತ್ತಿದ್ದರು.

"ಸಿಕ್ತಾ ಅಪ್ಪ?" ಎಂದಳು, ಮುಖ ನೋಡಿದವಳೇ. "ಸಿಕ್ಕಿದೆ. ನಿಮ್ಮ ಮುಖಾನೇ ಹೇಳ್ತಿದೆ. ಅವಳ ಗುರುತು ಇದ್ಯಾ?"

"ಇದೆ. ಇನ್ನೊಬ್ಬರದೂ ಇದೆ," ಎಂದು ಹಾಳೆಯನ್ನು ಮುಂದಿಟ್ಟ.

ಅವಳು ಓದಿದಳು. ಅದರಲ್ಲಿದ್ದುದು ಇಷ್ಟೇ:

‘ತಪ್ಪು-ಒಪ್ಪು. ಈ ಪುಸ್ತಕದಲ್ಲಿ ಹದಿನಾಲ್ಕು ಕಡೆ "ಎದೆಯಲ್ಲಿ ನೊವು" ಎಂಬ ಮಾತಿನ ಮುಂದೆ "ಗಮನಿಸಿದೆ, ಬಿಟ್ಟೆ" ಎಂದಿದೆ. ಅಲ್ಲೆಲ್ಲ "ಹೇಳಿದೆ, ಕೇಳಲಿಲ್ಲ" ಎಂದು ಓದಿಕೊಳ್ಳತಕ್ಕದ್ದು. ಪ್ರತಿ ಶನಿವಾರ ಆ ಪುಟಗಳನ್ನು ತಿದ್ದಿ, ಕಾಗುಣಿತ ಸರಿಮಾಡಿ, ಏನೂ ಓದದೆ ಹಿಂದಕ್ಕೆ ಕೊಟ್ಟವನು ಅವಳ ಗಂಡ.’

ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ತಾಯಿಯ ಬಾಯಿಯೇ ಅವಳದು. ಅದು ತೆರೆಯುವುದನ್ನು, ಬೈಯುವುದನ್ನು, ಅಂಗಡಿಯ ಜನರೆಲ್ಲ ತಿರುಗಿ ನೋಡುವಂತೆ ಅಳುವುದನ್ನು ಅವನು ಕಾದು ನಿಂತ. ಬೈದರೆ ಸಾಕಿತ್ತು. ಅವಳ ಮುಖದಲ್ಲಿ ಏನೋ ಒಂದು ಮೇಲೆ ಬಂದು ಹಾಗೆಯೇ ಒಳಗೆ ಹೋಯಿತು. ಕೋಟಿನ ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಮೇಲೆ ಒಂದು ಜಾಗದಲ್ಲಿ ತುದಿಯೂರಿದಳು.

"ಇಲ್ಲಿ ದೀರ್ಘ ಬಿಟ್ಟಿದೀರಿ ಅಪ್ಪ. ನೊವು ಅಂತಾಗಿದೆ."

ಅವನು ನೋಡಿದ. ಹೌದು, ಬಿಟ್ಟಿತ್ತು. ಮೂವತ್ತಾರು ವರ್ಷದಲ್ಲಿ ಅವನ ಕೈ ಮಾಡಿದ ಮೊದಲ ತಪ್ಪು.

"ಅಷ್ಟೇನಾ ಮಗಳೇ?" ಎಂದ.

"ಅಷ್ಟೇ. ಬೇರೆ ಎಲ್ಲ ಸರಿಯಾಗಿದೆ."

ಅವಳು ಪೆನ್ನನ್ನು ಹಾಳೆಯ ಮೇಲೆ ಇಟ್ಟು, ಎರಡನ್ನೂ ಅವನ ಕಡೆಗೆ ಸರಿಸಿದಳು. ಬೆಂಚಿನ ಮೇಲಿದ್ದ ಮುದುಕಿಯನ್ನು ಕೈಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ಒಂದು ಕಣ್ಣಿಗೆ ಮುಚ್ಚಳ ಹಿಡಿದು, ಎದುರು ಗೋಡೆಯ ಫಲಕದ ದೀಪ ಹಾಕಿದಳು.

"ಹೇಳಿ ಅಜ್ಜಿ, ಮೇಲಿಂದ ಓದಿ. ಏನು ಕಾಣ್ಸುತ್ತೆ?"

"ರ... ನ... ತ..." ಎಂದು ಮುದುಕಿ ಒಂದೊಂದೇ ಅಕ್ಷರ ಓದತೊಡಗಿದಳು. "ಇದೇನಮ್ಮ, ಇದಕ್ಕೆ ಅರ್ಥವೇ ಇಲ್ವಲ್ಲ?"

"ಅರ್ಥ ಬೇಡ ಅಜ್ಜಿ. ಅಕ್ಷರ ಕಂಡ್ರೆ ಸಾಕು."

ಅವನು ಪೆನ್ನು ಮುಟ್ಟಲಿಲ್ಲ. ಹಾಳೆಯನ್ನು ಇದ್ದ ಹಾಗೇ ಮಡಿಸಿ ಜೇಬಿಗಿಟ್ಟುಕೊಂಡು ಅಚ್ಚಿಗೆ ಕೊಡಲು ಹೊರಟ.